ಹಳೆಯ ಕೋವಿಗೆ ಈಡು: ಬೆಳೆಗಾರರು ತಿಳಿದಿರಬೇಕಾದ ಸಂಗತಿಗಳು



ಮುಂಗಾರಿಗೆ ಮುಂಚೆ ಬೋರ್ಡೋ ದ್ರಾವಣಕ್ಕಾಗಿ ಮೈಲುತುತ್ತ ಕೊಳ್ಳಲು ಬಂದಿದ್ದ ಸವಳಂಗದ ಕಡೆಯ ಸದಸ್ಯರೊಬ್ಬರು ಲೆಕ್ಕ ಮುಗಿಸಿದ ಮೇಲೂ ಏಳದೆ ಕುಳಿತಿದ್ದರು. ಏನು ಸಮಾಚಾರವೆಂದು ವಿಚಾರಿಸಿದಾಗ ವಿಷಯ ಹೊರಗೆ ಬಂತು. ಅವರ ತಂದೆ ತೀರಿಕೊಂಡು ನಾಲ್ಕು ತಿಂಗಳಾಗಿತ್ತು. ಮನೆಯಲ್ಲಿ ಎರಡು ಕೋವಿಗಳಿದ್ದವು. ಒಂದು ಅಜ್ಜನ ಕಾಲದ ಕೇಪಿನ ಕೋವಿ, ಇನ್ನೊಂದು ತಂದೆಯ ಹನ್ನೆರಡು ಬೋರಿನ ಜೋಡಿ ನಳಿಗೆ. ಜೊತೆಗೆ ಅಟ್ಟದ ಪೆಟ್ಟಿಗೆಯಲ್ಲಿ ಒಂದು ಬಿಸ್ಕತ್ತಿನ ಡಬ್ಬಿ ತುಂಬ ಹಳೆಯ ತೋಟಾಗಳು. ಹಂದಿ ಕಾಟ ವಿಪರೀತವಾಗಿತ್ತು. "ಇದೇ ತರಹದ್ದು ಇನ್ನೊಂದಿಷ್ಟು ಎಲ್ಲಿ ಸಿಗುತ್ತೆ ಸ್ವಾಮಿ? ಸಿಕ್ಕಿದರೆ ಒಂದೇ ಸಲ ತಂದಿಟ್ಟುಬಿಡೋಣ ಅಂತ" ಎಂದು ಅವರ ಪ್ರಶ್ನೆ.

ಮರುದಿನ ನಾವು ಅವರ ಮನೆಗೆ ಹೋಗಿ ನೋಡಿದೆವು. ಡಬ್ಬಿಯಲ್ಲಿದ್ದ ತೋಟಾಗಳಲ್ಲಿ ಅರ್ಧದಷ್ಟು ಕಾಗದದ ಕವಚದವು. ತೇವ ಕುಡಿದು ಉಬ್ಬಿಹೋಗಿದ್ದವು. ಹಿತ್ತಾಳೆಯ ಬುಡಕ್ಕೆ ಹಸಿರು ಕಿಲುಬು ಹತ್ತಿತ್ತು. ಈ ಪ್ರಶ್ನೆ ಅವರೊಬ್ಬರದಲ್ಲ. ನ್ಯಾಮತಿ, ಹೊನ್ನಾಳಿ, ಚನ್ನಗಿರಿ, ಜಗಳೂರು ಕಡೆಯ ಅನೇಕ ಸದಸ್ಯರ ಮನೆಗಳಲ್ಲಿ ಇಂಥದೇ ಡಬ್ಬಿ ಇರಬಹುದು. ಆದ್ದರಿಂದ ಅವರಿಗೆ ಹೇಳಿದ್ದನ್ನೇ ಸ್ವಲ್ಪ ವಿಸ್ತರಿಸಿ ಇಲ್ಲಿ ಎಲ್ಲರ ತಿಳಿವಳಿಕೆಗಾಗಿ ಬರೆಯುತ್ತಿದ್ದೇವೆ.

ಈಡು ಏಕೆ ಸಿಕ್ಕುವುದಿಲ್ಲ?

ಹಳೆಯ ಕೋವಿಗಳಲ್ಲಿ ಮೂರು ಬಗೆಯಿದ್ದು, ಮೂರರ ತೊಂದರೆಯೂ ಬೇರೆ ಬೇರೆ.

ಮೊದಲನೆಯದು ಕೇಪಿನ ಕೋವಿ. ಬಾಯಿಯಿಂದ ಮದ್ದು, ಚರೆ ತುಂಬಿ ಕೇಪು ಇಟ್ಟು ಹೊಡೆಯುವಂಥದ್ದು. ಬೆಳೆ ರಕ್ಷಣೆಗೆ ಸರ್ಕಾರ ಮೊದಲಿನಿಂದಲೂ ಹೆಚ್ಚಾಗಿ ಕೊಡುತ್ತ ಬಂದದ್ದು ಇದನ್ನೇ. ಈಗ ಇದರ ಕೇಪು ಮತ್ತು ಕರಿಮದ್ದನ್ನು ಇಟ್ಟು ಮಾರುವ ಪರವಾನಗಿದಾರ ಅಂಗಡಿಗಳು ವಿರಳ.

ಎರಡನೆಯದು ತೋಟಾ ಕೋವಿ. ಇದಕ್ಕೆ ಅಷ್ಟು ಕಷ್ಟವಿಲ್ಲ. ಹನ್ನೆರಡು ಬೋರಿನ ತೋಟಾ ನಮ್ಮ ದೇಶದಲ್ಲೇ ತಯಾರಾಗುತ್ತದೆ. ಪುಣೆಯ ಖಡಕಿಯಲ್ಲಿ 1869ರಲ್ಲಿ ಆರಂಭವಾದ ಮದ್ದುಗುಂಡು ಕಾರ್ಖಾನೆಯ 'ಶಕ್ತಿಮಾನ್' ತೋಟಾ ಅನೇಕರಿಗೆ ಪರಿಚಿತ. ಸರ್ಕಾರಿ ಆಯುಧ ಕಾರ್ಖಾನೆಗಳ ಮಂಡಳಿ 2021ರ ಅಕ್ಟೋಬರ್ 1ರಂದು ರದ್ದಾಗಿ ಏಳು ಕಂಪನಿಗಳಾದ ಮೇಲೆ ಮದ್ದುಗುಂಡಿನ ಕಾರ್ಖಾನೆಗಳು ಮ್ಯೂನಿಷನ್ಸ್ ಇಂಡಿಯಾ ಲಿಮಿಟೆಡ್ ಎಂಬ ಸಂಸ್ಥೆಗೆ ಸೇರಿವೆ.

ಮೂರನೆಯದು ರೈಫಲ್. ಹಿಂದೆ ಕಾಫಿ ಎಸ್ಟೇಟುಗಳ ದೊರೆಗಳು, ಶಿಕಾರಿಯ ಹವ್ಯಾಸದವರು ವಿಲಾಯಿತಿಯಿಂದ, ಅಮೆರಿಕದಿಂದ ತರಿಸಿದ ರೈಫಲ್‌ಗಳು ಕೆಲವು ಮನೆಗಳಲ್ಲಿ ಉಳಿದುಕೊಂಡಿವೆ. ತೇಜಸ್ವಿಯವರು ಕನ್ನಡಕ್ಕೆ ತಂದ ಕೆನೆತ್ ಆಂಡರ್ಸನ್ ಅವರ ಕಾಡಿನ ಕಥೆಗಳನ್ನು ಓದಿದವರಿಗೆ ಆಂಡರ್ಸನ್ ಬಳಸುತ್ತಿದ್ದ .405 ವಿಂಚೆಸ್ಟರ್ ನೆನಪಿರಬಹುದು. ಇಂಥ ರೈಫಲ್‌ಗಳ ತೋಟಾ ಇಲ್ಲಿ ತಯಾರಾಗುವುದಿಲ್ಲ. ಇಂಗ್ಲೆಂಡಿನ ಕೈನಾಕ್ ಕಂಪನಿಯೂ 1960ರ ದಶಕದಲ್ಲಿ ದೊಡ್ಡ ರೈಫಲ್‌ಗಳ ತೋಟಾ ತಯಾರಿಕೆಯನ್ನು ಒಂದೊಂದಾಗಿ ನಿಲ್ಲಿಸುತ್ತ ಬಂತು. ಇಲ್ಲಿ ಸುಲಭವಾಗಿ ತೋಟಾ ದೊರೆಯುವುದು ಮುಖ್ಯವಾಗಿ ನಮ್ಮ ಕಾರ್ಖಾನೆಗಳೇ ಮಾಡುವ .315 ರೈಫಲ್‌ಗೆ. .303 ಸೈನ್ಯದ ಅಳತೆಯಾದ್ದರಿಂದ ನಿಷೇಧಿತ ಬೋರಿಗೆ ಸೇರುತ್ತದೆ. ಅದರ ಒಂದು ತೋಟಾ ಹಳೆಯ ಪೆಟ್ಟಿಗೆಯಲ್ಲಿ ಸಿಕ್ಕಿದರೂ ಅದನ್ನು ಇಟ್ಟುಕೊಳ್ಳಬಾರದು.

ಎಷ್ಟು ಕೂಡಿಡಬಹುದು?

ಸಿಕ್ಕಾಗ ಹೆಚ್ಚು ತಂದಿಡುವುದು ಬೆಳೆಗಾರನ ಸ್ವಭಾವ. ಮೈಲುತುತ್ತಕ್ಕೆ, ಗೊಬ್ಬರಕ್ಕೆ ಅದು ಜಾಣತನ. ಮದ್ದುಗುಂಡಿಗೆ ಆ ಲೆಕ್ಕ ಸಲ್ಲದು.

ನಿಮ್ಮ ಪರವಾನಗಿ ಪುಸ್ತಕವನ್ನು ತೆರೆದು ನೋಡಿ. ಮದ್ದುಗುಂಡಿನ ಅಂಕಣದಲ್ಲಿ ಎರಡು ಅಂಕಿಗಳಿರುತ್ತವೆ. ಒಂದು, ಯಾವುದೇ ಒಂದು ಹೊತ್ತಿನಲ್ಲಿ ನಿಮ್ಮ ಬಳಿ ಇರಬಹುದಾದ ಹೆಚ್ಚಿನ ಸಂಖ್ಯೆ. ಇನ್ನೊಂದು, ಒಂದು ವರ್ಷದಲ್ಲಿ ಕೊಳ್ಳಬಹುದಾದ ಹೆಚ್ಚಿನ ಸಂಖ್ಯೆ. ಈ ಎರಡು ಅಂಕಿಗಳೇ ನಿಮಗೆ ಕಾನೂನು. ಪಕ್ಕದ ಮನೆಯವರ ಪುಸ್ತಕದಲ್ಲಿ ಹೆಚ್ಚಿದ್ದರೆ ಅದು ಅವರಿಗೆ. ವರ್ಷಕ್ಕೆ ಕೊಳ್ಳಬಹುದಾದಷ್ಟನ್ನು ಪ್ರತಿ ವರ್ಷ ಕೊಂಡು ಹೊಡೆಯದೆ ಇಟ್ಟರೆ ಮೊದಲನೆಯ ಅಂಕಿ ಎಂದೋ ಒಂದು ದಿನ ಮೀರಿಹೋಗುತ್ತದೆ. ನಮ್ಮ ಜನ ಸಿಕ್ಕಿಬೀಳುವುದು ಇಲ್ಲೇ. ತಂದೆ ಕೂಡಿಟ್ಟದ್ದು, ಮಾವ ಕೊಟ್ಟದ್ದು, ತಾನು ಕೊಂಡದ್ದು ಎಲ್ಲ ಸೇರಿದರೆ ಲೆಕ್ಕ ತಪ್ಪುತ್ತದೆ.

ಪರವಾನಗಿಯಿಲ್ಲದೆ ಮದ್ದುಗುಂಡು ಹೊಂದಿರುವುದಕ್ಕೆ 1959ರ ಆಯುಧ ಕಾಯ್ದೆಯ 25ನೇ ಕಲಂನಲ್ಲಿ ಶಿಕ್ಷೆಯಿದೆ. 2019ರ ತಿದ್ದುಪಡಿಯ ನಂತರ ಅದು ಕನಿಷ್ಠ ಎರಡು ವರ್ಷ, ಐದು ವರ್ಷದವರೆಗೂ ಹೋಗಬಹುದು. ಜೊತೆಗೆ ದಂಡವೂ ಉಂಟು.

ಕೊಳ್ಳುವಾಗ ಪರವಾನಗಿದಾರ ಅಂಗಡಿಯಲ್ಲೇ ಕೊಳ್ಳಬೇಕು. ಎಷ್ಟು ಕೊಂಡಿರೆಂಬುದನ್ನು ಅಂಗಡಿಯವರು ನಿಮ್ಮ ಪುಸ್ತಕದಲ್ಲಿ ಬರೆದು ಸಹಿ ಹಾಕುವುದನ್ನು ನೋಡಿಕೊಂಡೇ ಹೊರಡಿ. ಮನೆಯಲ್ಲಿ ಒಂದು ನೋಟುಪುಸ್ತಕವಿಟ್ಟು ಯಾವ ದಿನ, ಎಷ್ಟು ಈಡು, ಯಾವ ಕಾರಣಕ್ಕೆ ಹೊಡೆದಿರೆಂದು ಬರೆದಿಡಿ. ಅಡಿಕೆ ಕೊಯ್ಲಿನ ಲೆಕ್ಕ ಬರೆಯುವ ನಮಗೆ ಇದೇನೂ ಭಾರವಲ್ಲ.

ಮನೆಯಲ್ಲೇ ತುಂಬಿಕೊಂಡರೆ?

ಖಾಲಿ ತೋಟಾಕ್ಕೆ ಹೊಸ ಕೇಪು, ಮದ್ದು, ಚರೆ ತುಂಬಿ ಮತ್ತೆ ಬಳಸುವುದು ಅಮೆರಿಕದಂಥ ದೇಶಗಳಲ್ಲಿ ಬಳಕೆಯಲ್ಲಿದೆ. ಅದಕ್ಕೆ ಬೇಕಾದ ಸಾಮಾನುಗಳನ್ನು ಅಲ್ಲಿ ಅಂಗಡಿಯಲ್ಲೇ ಮಾರುತ್ತಾರೆ. ನಮ್ಮಲ್ಲಿ ಕಾನೂನು ಬೇರೆ. ಮದ್ದುಗುಂಡು ಎಂಬ ಮಾತಿನಲ್ಲಿ ಅದರ ಬಿಡಿಭಾಗಗಳೂ, ತಯಾರಿಸುವ ಯಂತ್ರಗಳೂ ಸೇರುತ್ತವೆಂದು ಆಯುಧ ಕಾಯ್ದೆಯ ವ್ಯಾಖ್ಯೆಯಲ್ಲೇ ಇದೆ. 5ನೇ ಕಲಂ ಪ್ರಕಾರ ತಯಾರಿಕೆಗೆ ಪ್ರತ್ಯೇಕ ಪರವಾನಗಿ ಬೇಕು. ಬೆಳೆ ರಕ್ಷಣೆಯ ಪರವಾನಗಿ ಆ ಅಧಿಕಾರ ಕೊಡುವುದಿಲ್ಲ. ಪರವಾನಗಿಯಿಲ್ಲದ ತಯಾರಿಕೆಗೆ 2019ರಿಂದ ಕನಿಷ್ಠ ಶಿಕ್ಷೆಯೇ ಏಳು ವರ್ಷ, ಜೀವಾವಧಿಯವರೆಗೂ ಹೋಗಬಹುದು. ಮದ್ದಿನ ವಿಚಾರಕ್ಕೆ 1884ರ ಸ್ಫೋಟಕ ಕಾಯ್ದೆ ಬೇರೆ ಇದೆ.

ಕಾನೂನು ಒತ್ತಟ್ಟಿಗಿರಲಿ, ಪ್ರಾಣದ ಮಾತು ಹೇಳುತ್ತೇವೆ. ಕೇಪಿನ ಕೋವಿಗೆ ಮದ್ದು ಸಿಕ್ಕುವುದಿಲ್ಲವೆಂದು ಪಟಾಕಿಯ ಮದ್ದು, ಬೆಂಕಿಕಡ್ಡಿಯ ಮದ್ದು ಹಾಕುವವರುಂಟು. ಅದು ಎಷ್ಟು ಜೋರಾಗಿ ಉರಿಯುವುದೆಂದು ಹಾಕಿದವನಿಗೂ ತಿಳಿಯದು. ಉಜ್ಜಿದರೂ ಹೊತ್ತಿಕೊಳ್ಳುವ ಜಾತಿ ಅದು. ತುಂಬುವಾಗ ಸರಳಿನ ಮೇಲೆ ಇರುವುದು ನಿಮ್ಮದೇ ಕೈ. ತೋಟಾದ ಹೊಗೆರಹಿತ ಮದ್ದನ್ನು ಬಿಚ್ಚಿ ಕೇಪಿನ ಕೋವಿಗೆ ಹಾಕುವುದಂತೂ ಇನ್ನೂ ಅಪಾಯ. ಕರಿಮದ್ದಿಗೆಂದು ಮಾಡಿದ ನಳಿಗೆ ಆ ಒತ್ತಡವನ್ನು ತಾಳಲಾರದೆ ಸೀಳಿಹೋಗುತ್ತದೆ.

ಹಾಗಾದರೆ ಕೇಪು ಸಿಗದವರು ಏನು ಮಾಡಬೇಕು? ಕಾಯ್ದೆಯೇ ಒಂದು ದಾರಿ ಕೊಟ್ಟಿದೆ. ಬೆಳೆ ರಕ್ಷಣೆಗೆ ಕೇಪಿನ ಕೋವಿ ಸಾಲದೆಂದು ಪರವಾನಗಿ ಪ್ರಾಧಿಕಾರಕ್ಕೆ ಮನವರಿಕೆಯಾದರೆ ಬೇರೆ ನುಣುಪು ನಳಿಗೆಯ ಕೋವಿಗೆ ಪರವಾನಗಿ ಕೊಡಬಹುದೆಂದು 13ನೇ ಕಲಂನಲ್ಲಿದೆ. ಕೇಪು, ಮದ್ದು ದೊರೆಯುತ್ತಿಲ್ಲವೆಂಬುದನ್ನೂ ಬೆಳೆ ನಷ್ಟದ ವಿವರವನ್ನೂ ಬರೆದು ಜಿಲ್ಲಾಧಿಕಾರಿಗಳಿಗೆ ಅರ್ಜಿ ಕೊಡಿ. ಹಳೆಯ ಕೋವಿಯನ್ನೇ ಕಮ್ಮಾರನ ಹತ್ತಿರ ಒಯ್ದು ತೋಟಾ ಕೋವಿಯಾಗಿ ಮಾಡಿಸುವುದು, ನಳಿಗೆ ಕತ್ತರಿಸಿ ಗಿಡ್ಡ ಮಾಡಿಸುವುದು, ಇವೆರಡಕ್ಕೂ 6ನೇ ಕಲಂ ಅಡ್ಡ ಬರುತ್ತದೆ.

ಯಾವ ಕೋವಿಗೆ ಯಾವ ತೋಟಾ?

ಬೋರು ಎಂದರೇನೆಂದು ಅನೇಕರು ಕೇಳುತ್ತಾರೆ. ಒಂದು ಪೌಂಡ್ ಸೀಸದಿಂದ ಹನ್ನೆರಡು ಸಮನಾದ ದುಂಡು ಗುಂಡು ಮಾಡಿದರೆ ಒಂದು ಗುಂಡಿನ ಅಗಲವೆಷ್ಟೋ ಹನ್ನೆರಡು ಬೋರಿನ ನಳಿಗೆಯ ಒಳ ಅಗಲ ಅಷ್ಟು. ಇಪ್ಪತ್ತು ಗುಂಡು ಮಾಡಿದರೆ ಗುಂಡು ಸಣ್ಣದಾಗುತ್ತದೆ. ಆದ್ದರಿಂದ ಇಪ್ಪತ್ತು ಬೋರಿನ ನಳಿಗೆ ಹನ್ನೆರಡಕ್ಕಿಂತ ಕಿರಿದು. ಎರಡು ಬೋರಿನ ತೋಟಾಗಳನ್ನು ಒಂದೇ ಡಬ್ಬಿಯಲ್ಲಿ ಇಡಲೇಬಾರದು. ಕತ್ತಲಲ್ಲಿ ಇಪ್ಪತ್ತರ ತೋಟಾವನ್ನು ಹನ್ನೆರಡರ ಕೋವಿಗೆ ಹಾಕಿದರೆ ಅದು ಒಳಗೆ ಜಾರಿ ನಳಿಗೆಯಲ್ಲಿ ಸಿಕ್ಕಿಕೊಳ್ಳುತ್ತದೆ. ಖಾಲಿಯೆಂದು ತಿಳಿದು ಹಿಂದಿನಿಂದ ಹನ್ನೆರಡರ ತೋಟಾ ಹಾಕಿ ಹೊಡೆದರೆ ನಳಿಗೆ ಕೈಯಲ್ಲೇ ಸಿಡಿಯುತ್ತದೆ.

ಇನ್ನೊಂದು ಮೋಸ ಕಣ್ಣಿಗೆ ಕಾಣದ್ದು. ಹಳೆಯ ವಿಲಾಯಿತಿ ಕೋವಿಗಳಲ್ಲಿ ಬಹಳಷ್ಟರ ಕೋಣೆ ಎರಡೂವರೆ ಅಂಗುಲ, ಎಂದರೆ 65 ಮಿಲಿಮೀಟರು. ಈಚಿನ ತೋಟಾಗಳು ಸಾಮಾನ್ಯವಾಗಿ 70 ಮಿಲಿಮೀಟರಿನವು. ಈ ಅಳತೆ ಹೊಡೆದ ಮೇಲೆ ಬಾಯಿ ಬಿಚ್ಚಿಕೊಂಡ ತೋಟಾದ್ದು. ಹೊಡೆಯುವ ಮುಂಚೆ ಬಾಯಿ ಮಡಚಿಕೊಂಡಿರುವುದರಿಂದ ದೊಡ್ಡ ತೋಟಾ ಸಣ್ಣ ಕೋಣೆಯಲ್ಲಿ ಸಲೀಸಾಗಿ ಕೂರುತ್ತದೆ. ಹೊಡೆದಾಗ ಬಿಚ್ಚಿಕೊಳ್ಳಲು ಜಾಗವಿಲ್ಲದೆ ಒತ್ತಡ ಏರುತ್ತದೆ. "ಹಿಡಿಯಿತಲ್ಲ, ಸರಿಹೋಯಿತು" ಎನ್ನುವುದು ತಪ್ಪು.

ನಳಿಗೆಯ ಮೇಲೆ ಹಾವಿನ ಪೊರೆಯಂಥ ಅಲೆ ಅಲೆಯ ಗೆರೆಗಳಿದ್ದರೆ ಅದು ಕಬ್ಬಿಣ, ಉಕ್ಕಿನ ಪಟ್ಟಿಗಳನ್ನು ಹೆಣೆದು ಬೆಸೆದ ಹಳೆಯ ಕಾಲದ ನಳಿಗೆ. ಅದು ಕರಿಮದ್ದಿನ ಕಾಲದ್ದು. ಈಗಿನ ಅಂಗಡಿ ತೋಟಾವನ್ನು ಅದರಲ್ಲಿ ಬಳಸಬಾರದು. ಸಂದೇಹವಿದ್ದರೆ ಪರವಾನಗಿಯುಳ್ಳ ಕೋವಿ ರಿಪೇರಿಯವರಿಗೆ ತೋರಿಸಿ ನಳಿಗೆಯ ಕೆಳಗಿನ ಮುದ್ರೆಗಳನ್ನು ಓದಿಸಿ.

ಇಡುವ ಕ್ರಮ

ತೋಟಾಕ್ಕೆ ಶತ್ರು ತೇವ ಮತ್ತು ಶಾಖ. ಒಲೆಯ ಮೇಲಿನ ಅಟ್ಟ ಬೆಚ್ಚಗಿರುತ್ತದೆಂದು ಹಿರಿಯರು ಅಲ್ಲಿಡುತ್ತಿದ್ದರು. ಆದರೆ ಬೆಂಕಿಯ ಮೇಲೆ ಮದ್ದಿಡುವುದು ಸರಿಯಲ್ಲ. ಅಡಿಕೆ ಬೇಯಿಸುವ ಹಂಡೆಯ ಮನೆ, ಪಂಪ್‌ಸೆಟ್ಟಿನ ಕೊಠಡಿ, ಗೊಬ್ಬರ, ಔಷಧಿ ಇಡುವ ಕೋಣೆ ಕೂಡ ಬೇಡ. ಬಿಗಿ ಮುಚ್ಚಳದ ಡಬ್ಬಿಯಲ್ಲಿಟ್ಟು ಬೀರುವಿನಲ್ಲಿ ಬೀಗ ಹಾಕಿ. ಕೋವಿಯನ್ನು ಬೇರೆ ಕಡೆ ಇಟ್ಟು ಅದಕ್ಕೂ ಬೀಗ ಹಾಕಿ. ಎರಡು ಬೀಗದ ಕೈಯೂ ಒಂದೇ ಗೂಟದಲ್ಲಿ ನೇತಾಡಬಾರದು. ಮಕ್ಕಳಿರುವ ಮನೆಯಲ್ಲಿ ಇದಕ್ಕೆ ವಿನಾಯಿತಿಯೇ ಇಲ್ಲ.

ಹೀಗಿಟ್ಟ ಹೊಸ ತೋಟಾ ಹಲವು ವರ್ಷ ಕೆಡದು. ಹಳೆಯದನ್ನು ಮೊದಲು ಬಳಸಿ. ಉಬ್ಬಿದ್ದು, ಕಿಲುಬು ಹತ್ತಿದ್ದು, ಬುಡ ಸಡಿಲವಾದದ್ದು ಕಂಡರೆ ಬಿಸಿಲಿಗಿಟ್ಟು ಒಣಗಿಸಿ ಬಳಸುವ ಯೋಚನೆ ಬೇಡ. ಬಾವಿಗೆ ಹಾಕುವುದು, ಹೂಳುವುದು, ಒಲೆಗೆ ಹಾಕುವುದು ಇವೂ ಬೇಡ. ಪೊಲೀಸ್ ಠಾಣೆಗೆ ತಿಳಿಸಿ ಒಪ್ಪಿಸಿ ರಸೀತಿ ಪಡೆಯಿರಿ.

ಕುದುರೆ ಎಳೆದರೂ ಈಡು ಹಾರದಿದ್ದರೆ ಕೋವಿಯನ್ನು ಕೂಡಲೇ ಬಿಚ್ಚಬೇಡಿ. ಮದ್ದು ತಡವಾಗಿ ಹೊತ್ತುವುದುಂಟು. ನಳಿಗೆಯನ್ನು ಜನರಿಲ್ಲದ ಕಡೆಗೆ ಹಿಡಿದು ಒಂದೆರಡು ನಿಮಿಷ ಕಾಯಿರಿ. ಕರಿಮದ್ದು ಹೊಡೆದ ನಳಿಗೆಯನ್ನು ಅದೇ ದಿನ ಬಿಸಿನೀರಿನಲ್ಲಿ ತೊಳೆದು ಒಣಗಿಸಿ ಎಣ್ಣೆ ಹಚ್ಚಿ. ಅದರ ಮಸಿ ಗಾಳಿಯ ತೇವವನ್ನು ಎಳೆದುಕೊಂಡು ಕಬ್ಬಿಣವನ್ನು ತಿನ್ನುತ್ತದೆ. ಕೇಪಿನ ಕೋವಿಯನ್ನು ಈಡು ತುಂಬಿಯೇ ಗೋಡೆಗೆ ತೂಗುಹಾಕುವ ಹಳೆಯ ಅಭ್ಯಾಸವನ್ನಂತೂ ಬಿಡಲೇಬೇಕು.

ತಂದೆಯ ಕೋವಿ ಮಗನಿಗೆ

ಪರವಾನಗಿ ವ್ಯಕ್ತಿಗೆ ಕೊಟ್ಟದ್ದು, ಮನೆಗೆ ಕೊಟ್ಟದ್ದಲ್ಲ. ಪರವಾನಗಿದಾರರು ತೀರಿಕೊಂಡರೆ ಕೋವಿ, ತೋಟಾ ಎರಡನ್ನೂ 21ನೇ ಕಲಂ ಪ್ರಕಾರ ತಡಮಾಡದೆ ಪೊಲೀಸ್ ಠಾಣೆಯಲ್ಲೋ ಪರವಾನಗಿದಾರ ಅಂಗಡಿಯಲ್ಲೋ ಠೇವಣಿ ಇಡಬೇಕು. ನಂತರ ವಾರಸುದಾರರು ತಮ್ಮ ಹೆಸರಿಗೆ ಪರವಾನಗಿ ಕೇಳಬಹುದು. ಸಾವಿನವರೆಗೆ ಕಾಯಬೇಕೆಂದೂ ಇಲ್ಲ. 2016ರ ಆಯುಧ ನಿಯಮಗಳ ಪ್ರಕಾರ ಪರವಾನಗಿದಾರರಿಗೆ 70 ವರ್ಷ ತುಂಬಿದಾಗ ಅಥವಾ ಕೋವಿಯನ್ನು 25 ವರ್ಷ ಇಟ್ಟುಕೊಂಡ ಮೇಲೆ, ಯಾವುದು ಮೊದಲೋ ಆಗ, ವಾರಸುದಾರರ ಹೆಸರಿಗೆ ಮಾಡಿಸಲು ಅವಕಾಶವಿದೆ. ವಯಸ್ಸಾದ ಸದಸ್ಯರು ಇದನ್ನು ಗಮನಿಸಬೇಕು.

ಹಳೆಯ ಪುಸ್ತಕಗಳಲ್ಲಿ ಶಿವಮೊಗ್ಗದ ಅಥವಾ ಚಿತ್ರದುರ್ಗದ ಮೊಹರು ಇರಬಹುದು. 1997ರಲ್ಲಿ ದಾವಣಗೆರೆ ಜಿಲ್ಲೆಯಾದಾಗ ಹೊನ್ನಾಳಿ, ಚನ್ನಗಿರಿ ಶಿವಮೊಗ್ಗದಿಂದಲೂ, ಜಗಳೂರು ಚಿತ್ರದುರ್ಗದಿಂದಲೂ ಬಂದವು. ಈಗ ಅರ್ಜಿ ದಾವಣಗೆರೆ ಜಿಲ್ಲಾಧಿಕಾರಿಗಳಿಗೆ. ಪುಸ್ತಕದಲ್ಲಿ ವಿಶಿಷ್ಟ ಗುರುತಿನ ಸಂಖ್ಯೆ ಇದೆಯೇ ನೋಡಿ. ಪರವಾನಗಿಯ ಅವಧಿ 2019ರ ತಿದ್ದುಪಡಿಯಿಂದ ಐದು ವರ್ಷ. ಮುಗಿಯುವ ಎರಡು ತಿಂಗಳಿಗೂ ಮುಂಚೆ ನವೀಕರಣದ ಅರ್ಜಿ ಹಾಕಿ. ಒಬ್ಬರ ಬಳಿ ಎರಡಕ್ಕಿಂತ ಹೆಚ್ಚು ಕೋವಿ ಇರುವಂತಿಲ್ಲವೆಂಬುದೂ ಅದೇ ತಿದ್ದುಪಡಿಯಲ್ಲಿದೆ.

"ಕೊಡಗಿನವರಿಗೆ ಪರವಾನಗಿಯೇ ಬೇಡವಂತಲ್ಲ" ಎಂದು ಕೆಲವರು ವಾದಿಸುತ್ತಾರೆ. ಆ ವಿನಾಯಿತಿ ಕೊಡವ ಜನಾಂಗದವರಿಗೆ ಮತ್ತು ಕೊಡಗಿನ ಜಮ್ಮಾ ಹಿಡುವಳಿದಾರರಿಗೆ ಮಾತ್ರ. 2019ರಲ್ಲಿ ಕೇಂದ್ರ ಸರ್ಕಾರ ಅದನ್ನು 2029ರವರೆಗೆ ಮುಂದುವರಿಸಿದೆ. ನಮ್ಮ ತಾಲ್ಲೂಕುಗಳಿಗೆ ಅದು ಅನ್ವಯಿಸುವುದಿಲ್ಲ.

ಕೋವಿ ಇದ್ದ ಮಾತ್ರಕ್ಕೆ ಹೊಡೆಯಬಹುದೇ?

ಇದು ಎಲ್ಲಕ್ಕಿಂತ ಮುಖ್ಯ. ಕೋವಿಯ ಪರವಾನಗಿ ಬೇರೆ, ಪ್ರಾಣಿಯನ್ನು ಕೊಲ್ಲುವ ಅನುಮತಿ ಬೇರೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬೇಟೆಯನ್ನು ನಿಷೇಧಿಸಿದೆ. ಬೆಳೆಗೆ ಅಪಾಯಕಾರಿಯಾದ ಹಂದಿಯಂಥ ಎರಡನೇ ಅನುಸೂಚಿಯ ಪ್ರಾಣಿಯನ್ನು ಕೊಲ್ಲಬೇಕಾದರೆ 11ನೇ ಕಲಂ ಪ್ರಕಾರ ಮುಖ್ಯ ವನ್ಯಜೀವಿ ಪರಿಪಾಲಕರು ಅಥವಾ ಅವರು ಅಧಿಕಾರ ಕೊಟ್ಟ ಅಧಿಕಾರಿಯ ಲಿಖಿತ ಆದೇಶ ಬೇಕು. ನವಿಲು, ಕಾಟಿ, ಆನೆ ಮೊದಲನೆಯ ಅನುಸೂಚಿಯವು. ಅವುಗಳ ತಂಟೆಗೆ ಹೋಗಲೇಬಾರದು. ಅಂದರೆ ಬೆಳೆಗಾರನ ಕೋವಿ ವರ್ಷದ ಹೆಚ್ಚಿನ ದಿನ ಮಾಡಬಹುದಾದ ಕೆಲಸ ಸದ್ದು ಮಾಡಿ ಓಡಿಸುವುದಷ್ಟೆ. ಆ ಕೆಲಸಕ್ಕೆ ಡಬ್ಬಿಗಟ್ಟಲೆ ತೋಟಾ ಏಕೆ ಬೇಕು?

ಜಗಳೂರಿನ ಸದಸ್ಯರಿಗೆ ಇನ್ನೊಂದು ಮಾತು. ಕೊಂಡುಕುರಿಗಾಗಿ ರಂಗಯ್ಯನದುರ್ಗ ಅಭಯಾರಣ್ಯ 2011ರಲ್ಲಿ ಘೋಷಣೆಯಾಯಿತು. ಅಭಯಾರಣ್ಯದೊಳಗೆ ಮತ್ತು ಅದರಿಂದ ಹತ್ತು ಕಿಲೋಮೀಟರಿನೊಳಗೆ ವಾಸಿಸುವ ಕೋವಿ ಪರವಾನಗಿದಾರರು ಅರಣ್ಯ ಇಲಾಖೆಯಲ್ಲಿ ಹೆಸರು ನೋಂದಾಯಿಸಬೇಕು. ಆ ವ್ಯಾಪ್ತಿಯಲ್ಲಿ ಹೊಸ ಪರವಾನಗಿಗೆ ಮುಖ್ಯ ವನ್ಯಜೀವಿ ಪರಿಪಾಲಕರ ಮುಂಚಿತ ಒಪ್ಪಿಗೆ ಬೇಕೆಂದು 34ನೇ ಕಲಂ ಹೇಳುತ್ತದೆ. ಶೆಟ್ಟಿಹಳ್ಳಿ ಅಭಯಾರಣ್ಯದ ಅಂಚಿಗೆ ತೋಟವಿರುವವರಿಗೂ ಇದು ಅನ್ವಯಿಸುತ್ತದೆ.

ಈಡು ಸಿಗದೆ ಸಿಡಿಮದ್ದಿನ ಉಂಡೆ ಇಡುವ ಕೆಟ್ಟ ದಾರಿಗೆ ಯಾರೂ ಇಳಿಯಬಾರದು. 2020ರ ಮೇ ತಿಂಗಳಲ್ಲಿ ಕೇರಳದ ಪಾಲಕ್ಕಾಡ್ ಜಿಲ್ಲೆಯಲ್ಲಿ ಅಂಥ ಸಿಡಿಮದ್ದಿಗೆ ಬಾಯಿ ಛಿದ್ರವಾದ ಗಬ್ಬದ ಆನೆ ಹೊಳೆಯಲ್ಲಿ ನಿಂತೇ ಸತ್ತದ್ದನ್ನು ದೇಶವೆಲ್ಲ ಕಂಡಿತು. ಮಂಗ ಓಡಿಸಲು ಪೈಪಿನಲ್ಲಿ ಮಾಡುವ ಕಾರ್ಬೈಡ್ ಕೋವಿಯೂ ಆಟದ ಸಾಮಾನಲ್ಲ. 2025ರ ದೀಪಾವಳಿಯಲ್ಲಿ ಮಧ್ಯಪ್ರದೇಶದಲ್ಲಿ ಅನೇಕ ಮಕ್ಕಳ ಕಣ್ಣಿಗೆ ಅದರಿಂದ ಪೆಟ್ಟಾಯಿತು.

ಚುನಾವಣೆಯ ಕಾಲ

ನೀತಿಸಂಹಿತೆ ಬಂದಾಗ ಕೋವಿ ಠೇವಣಿ ಇಡಲು ಆದೇಶವಾಗುವುದು ಎಲ್ಲರಿಗೂ ಗೊತ್ತು. 2023ರಲ್ಲಿ ಮಾರ್ಚ್ 29ರಿಂದ, 2024ರಲ್ಲಿ ಮಾರ್ಚ್ 16ರಿಂದ ನೀತಿಸಂಹಿತೆ ಜಾರಿಯಾಯಿತು. ಎರಡೂ ಸಲ ನೀರಿಗಾಗಿ ಪ್ರಾಣಿಗಳು ತೋಟಕ್ಕಿಳಿಯುವ ಬೇಸಿಗೆಯೇ ಆಗಿತ್ತು. ವಿನಾಯಿತಿ ಬೇಕಾದವರು ಬೆಳೆ ನಷ್ಟದ ವಿವರದೊಂದಿಗೆ ಜಿಲ್ಲೆಯ ಪರಿಶೀಲನಾ ಸಮಿತಿಗೆ ಬೇಗನೆ ಮನವಿ ಕೊಡಬೇಕು. ಠೇವಣಿ ಇಡುವವರು ಕೋವಿಯಲ್ಲಿ ಈಡು ಇಲ್ಲವೆಂದು ಖಚಿತಪಡಿಸಿಕೊಂಡು, ಕೋವಿಯ ನಂಬರನ್ನು ರಸೀತಿಯಲ್ಲಿ ಬರೆಸಿಕೊಳ್ಳಿ.

ನಮ್ಮ ಸದಸ್ಯರ ವಿಷಯಕ್ಕೆ ಬರೋಣ. ನಾವು ಹೋಗಿ ಬಂದ ಮಾರನೆಯ ದಿನವೇ ಅವರು ಠಾಣೆಗೆ ತಿಳಿಸಿ ಎರಡು ಕೋವಿಗಳನ್ನೂ ಡಬ್ಬಿಯನ್ನೂ ಒಪ್ಪಿಸಿದರು. ನಾಲ್ಕು ತಿಂಗಳ ತಡಕ್ಕೆ ವಿವರಣೆ ಬರೆದುಕೊಡಬೇಕಾಯಿತು. ತಂದೆಯ ಜೋಡಿ ನಳಿಗೆಗೆ ವಾರಸು ಅರ್ಜಿ ಹಾಕಿದ್ದಾರೆ, ಇನ್ನೂ ಆದೇಶ ಬಂದಿಲ್ಲ. ಅಜ್ಜನ ಕೇಪಿನ ಕೋವಿಯನ್ನು ಬಿಟ್ಟುಕೊಡಲು ಮನಸ್ಸು ಒಪ್ಪುತ್ತಿಲ್ಲವೆಂದರು. ಅದು ನಮಗೂ ಅರ್ಥವಾಗುತ್ತದೆ. ಈ ವರ್ಷ ಮೆಕ್ಕೆಜೋಳಕ್ಕೆ, ಎಳೆ ಅಡಿಕೆ ಸಸಿಗೆ ಅಕ್ಕಪಕ್ಕದ ಮೂರು ತೋಟದವರು ಸೇರಿ ಸರದಿಯ ಮೇಲೆ ರಾತ್ರಿ ಕಾವಲು ಹಾಕಿದ್ದಾರೆ. ಟಾರ್ಚು, ತಮಟೆ ಅವರ ಆಯುಧ. ಆದ ನಷ್ಟಕ್ಕೆ ಅರಣ್ಯ ಇಲಾಖೆಯ ಇ-ಪರಿಹಾರದಲ್ಲಿ ಅರ್ಜಿ ಹಾಕಲು ನಮ್ಮ ಕಚೇರಿಯಿಂದ ನೆರವಾಗಿದ್ದೇವೆ.

ಪರವಾನಗಿ ನವೀಕರಣ, ವಾರಸು, ಬೆಳೆ ನಷ್ಟದ ಅರ್ಜಿ ಬರೆಯಲು ಸಹಾಯ ಬೇಕಾದ ಸದಸ್ಯರು ಪುಸ್ತಕದೊಂದಿಗೆ ಕಚೇರಿಗೆ ಬರಬಹುದು. ಪುಸ್ತಕ ಮಾತ್ರ ತನ್ನಿ, ಡಬ್ಬಿ ತರಬೇಡಿ.